ಕಪ್ಪು ರಾಳ

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ಕು ತಂದದ್ದು ಅಮ್ಮಾವರ ಸೆಂಟಿನ ಕಾರ್ಖಾನೆಯಲ್ಲಿ ಬ್ಯಾಚುಗಳ ವಿವರ ಬರೆಯುವುದಕ್ಕೆ. ಮೊದಲ ಎರಡು ಹಾಳೆ ಹರಿದುಹಾಕಿ ನನ್ನದು ಮಾಡಿಕೊಂಡಿದ್ದೇನೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದ ಸಂಗತಿಯೊಂದು ಇವತ್ತು ಗೊತ್ತಾಗಿದೆ, ಹೇಳಿಕೊಳ್ಳಲು ಯಾರೂ ಇಲ್ಲ. ನಮ್ಮ ಮನೆಯವರ ಕಿವಿಗೆ ಹಾಕಿದರೆ ಮುಗಿಯಿತು. ಲಿಫ್ಟ್ ರಿಪೇರಿಗೆ ಹೋದ ಕಟ್ಟಡದಲ್ಲೆಲ್ಲ ಇವರಿಗಿಂತ ಮೊದಲು ಇವರ ಮಾತು ಮೇಲಿನ ಮಹಡಿ ತಲುಪಿರುತ್ತದೆ.

ಅಮ್ಮಾವರಿಗೆ ವಾಸನೆ ತಿಳಿಯುತ್ತಿಲ್ಲ.

ಬೆಳಿಗ್ಗೆ ಹೊಸ ಬ್ಯಾಚನ್ನು ಪರೀಕ್ಷೆಗೆ ಇಟ್ಟಿದ್ದೆ. ಎಂದಿನಂತೆ ಎರಡು ಕಾಗದದ ಪಟ್ಟಿ, ಒಂದು ಸೆಂಟಿನಲ್ಲಿ ಅದ್ದಿದ್ದು, ಇನ್ನೊಂದು ಇನ್ನೂ ಒಣದ್ದು. ಕೆಳಗಿನ ಮುದ್ರಣಾಲಯದವರು ಯಂತ್ರ ಶುರು ಮಾಡಿದರು, ಮೇಜು ಅದುರಿತು, ಪಟ್ಟಿಗಳು ಬಿದ್ದವು. ಎತ್ತಿಕೊಡುವ ಗಡಿಬಿಡಿಯಲ್ಲಿ ಒಣಪಟ್ಟಿ ಅವರ ಕೈಗೆ ಹೋಯಿತು. ಅಯ್ಯೋ ಅದಲ್ಲ ಅನ್ನುವಷ್ಟರಲ್ಲಿ ಅವರು ಕಣ್ಣು ಮುಚ್ಚಿ ಅದನ್ನು ಮೂಗಿಗೆ ಹಿಡಿದಾಗಿತ್ತು.

"ಹೂಂ," ಅಂದರು. "ಈಗ ಕೂತಿದೆ ನೋಡು. ಹೋದ ವಾರ ಇನ್ನೂ ಎಳಸಾಗಿತ್ತು."

ನಾನು ನಗಲು ಬಾಯಿ ತೆರೆದೆ, ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಬಾಟಲಿ ತೊಳೆಯಲು ಬಂದ ನನಗೆ ಮೂಗು ಅಂದರೆ ಏನೆಂದು ಕಲಿಸಿದವರು ಅಮ್ಮಾವರು. ಮೆಟ್ಟಿಲು ಹತ್ತುತ್ತಲೇ "ಯಾರೋ ಕಿತ್ತಳೆ ತಿಂದು ಸಿಪ್ಪೆ ಜೇಬಲ್ಲಿ ಇಟ್ಕೊಂಡಿದ್ದೀರಿ, ಹೊರಗೆ ಹಾಕಿ" ಅನ್ನುತ್ತಿದ್ದವರು.

ಬಾಯಿ ಮುಚ್ಚಿಕೊಂಡು ಪಟ್ಟಿ ವಾಪಸು ಇಸಿದುಕೊಂಡೆ.

ಮಾರ್ಚ್ 6, ಗುರುವಾರ

ಕೇಳಿಯೇಬಿಟ್ಟೆ. ಬಾಗಿಲು ಹಾಕಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, "ಅಮ್ಮಾವ್ರೇ, ಎಷ್ಟು ದಿನದಿಂದ?" ಅಂದೆ.

ಯಾವುದು, ಏನು ಎಂದು ಅವರು ಕೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಆ ಜ್ವರ ಬಂತಲ್ಲ, ಹೋದ ವರ್ಷ. ಎದ್ದ ಮೇಲೆ ಬಂದುಬಿಡುತ್ತೆ ಅಂದುಕೊಂಡೆ. ಬರಲಿಲ್ಲ."

"ಡಾಕ್ಟರು?"

"ಮೂವರು. ಮೂವರಿಗೂ ಒಂದೇ ಮಾತು, ಕಾಯಿರಿ ಅಂತ. ಎಪ್ಪತ್ತೊಂದಕ್ಕೆ ಕಾಯೋದು ಅಂದ್ರೆ ಏನು ಅಂತ ಅವರಿಗೇನು ಗೊತ್ತು."

ನನಗೆ ಅಳು ಬಂತು. ಅವರೇ ಎದ್ದು ಬಂದು ನನ್ನ ತಲೆ ನೇವರಿಸಿದರು. "ಇನ್ಮೇಲೆ ನಿನ್ನ ಮೂಗೇ ನನ್ನ ಮೂಗು. ನೀನು ಹೇಳು, ನಾನು ಬೆರೆಸ್ತೀನಿ. ಈ ಮಾತು ಮಾತ್ರ ಈ ನಾಲ್ಕು ಗೋಡೆ ದಾಟಬಾರದು."

ಪ್ರಾಣ ಹೋದರೂ ದಾಟುವುದಿಲ್ಲ ಅಂದೆ. ಈಗಲೂ ಅದನ್ನೇ ಬರೆಯುತ್ತಿದ್ದೇನೆ.

ಮಾರ್ಚ್ 14, ಶುಕ್ರವಾರ

ಇಂಥ ದಿನ ಹನ್ನೊಂದು ವರ್ಷದಲ್ಲಿ ಬಂದಿರಲಿಲ್ಲ.

ನಮ್ಮಲ್ಲಿ ಆಗುವುದು ಒಟ್ಟು ಒಂಬತ್ತು ಸೆಂಟು, ಹೆಸರು ಇರುವುದು ಒಂದಕ್ಕೇ. ಹದಿನೇಳು. ಹದಿನಾರು ಸಲ ಕೆಟ್ಟು ಹದಿನೇಳನೆಯ ಸಲ ಆದದ್ದಕ್ಕೆ ಅದೇ ಹೆಸರು ನಿಂತಿತು. ಅದರ ಗುಣವೇ ವಿಚಿತ್ರ. ಮುಚ್ಚಳ ತೆಗೆದ ಕೂಡಲೇ ಆಗಷ್ಟೇ ಕೊಯ್ದ ಹಲಗೆಯ ಖಾರ ಮೂಗಿಗೆ ಹೊಡೆಯುತ್ತದೆ. ಅಂಗಡಿಯಲ್ಲಿ ಹತ್ತರಲ್ಲಿ ಆರು ಮಂದಿ ಮುಖ ಹಿಂಡಿ ಕೆಳಗಿಡುತ್ತಾರೆ. ಉಳಿದ ನಾಲ್ವರೂ ಇಡುತ್ತಾರೆ, ಆದರೆ ಬಾಗಿಲತನಕ ಹೋದವರು ಮಣಿಕಟ್ಟು ಮೂಸಿಕೊಳ್ಳುತ್ತ ತಿರುಗಿ ಬರುತ್ತಾರೆ. ಅರ್ಧ ಗಂಟೆಗೆ ಖಾರ ಇಳಿದು ರಾಳ ಮೇಲೇಳುತ್ತದೆ. ಬೆಚ್ಚಗೆ, ತುಸು ಕಹಿ. ಹೊಗೆಯಲ್ಲ ಅದು, ಬೆಂಕಿಯ ಹತ್ತಿರ ಕೂತು ಎದ್ದುಬಂದವರ ಕೋಟಿನ ವಾಸನೆ. ಸಂಜೆಯ ಹೊತ್ತಿಗೆ ಬರೀ ಮರ. ವರ್ಷಗಟ್ಟಲೆ ಮುಚ್ಚಿದ್ದ ಪೆಟ್ಟಿಗೆಯೊಳಗೆ ತಲೆ ಇಟ್ಟ ಹಾಗೆ. ಪಕ್ಕದ ಕುರ್ಚಿಯಲ್ಲಿ ಕೂತವರಿಗೂ ತಿಳಿಯದು. "ಇದು ಕೂಗಿ ಕರೆಯೋದಲ್ಲ," ಅನ್ನುತ್ತಾರೆ ಅಮ್ಮಾವರು. "ಕಿವಿಯಲ್ಲಿ ಗುಟ್ಟು ಹೇಳುವಷ್ಟು ಹತ್ತಿರ ಬಂದೋರಿಗೆ ಮಾತ್ರ ಸಿಗಬೇಕು."

ಈ ಎಲ್ಲದರ ಬುಡದಲ್ಲಿ ಇರುವುದು ಕಪ್ಪು ರಾಳ. ಮರದ ತೊಗಟೆ ಕೆತ್ತಿ ಇಳಿಸಿದ್ದು, ಬೆಲ್ಲದ ಪಾಕದಷ್ಟು ಗಟ್ಟಿ, ತಗಡಿನ ಡಬ್ಬದಲ್ಲಿ ಬರುತ್ತದೆ. ಇವತ್ತು ಬಂದ ಡಬ್ಬ ಬೇರೆ ಮರದ್ದಿರಬೇಕು, ಬಿಚ್ಚಿದರೆ ಕಣ್ಣಿಗೇ ಹತ್ತಿತು.

"ಹೇಳು," ಅಂದರು ಅಮ್ಮಾವರು, ಕಣ್ಣು ಮುಚ್ಚಿಕೊಂಡು.

"ಮೊದಲಿಗೆ ಸುಟ್ಟ ಸಕ್ಕರೆ. ಅದರ ಹಿಂದೆ ಚಪ್ಪಲಿ ಅಂಗಡಿ. ಆಮೇಲೆ… ಆಮೇಲೆ ಏನೋ ಹಸಿ ಇದೆ ಅಮ್ಮಾವ್ರೇ, ಗಂಟಲಿಗೆ ಬರುತ್ತೆ."

"ಹಸಿ ಅಂದ್ರೆ ಎಲೆಯ ಹಸಿನಾ, ಗಾಯದ ಹಸಿನಾ?"

"ಗಾಯದ್ದು."

"ಹಾಗಾದ್ರೆ ದೇವದಾರು ಎಣ್ಣೆ ನಾಲ್ಕು ಹನಿ ಜಾಸ್ತಿ, ಈ ರಾಳ ಒಂದು ಕಡ್ಡಿಯಷ್ಟು ಕಮ್ಮಿ."

ಹಾಗೇ ಮಾಡಿದೆ. ಹಸಿ ಮಾಯ. ನಾನು ಕುಣಿದಾಡಿದೆ. ಮುಚ್ಚಳದಕ್ಕ ಒಳಗಿನಿಂದ ಓಡಿ ಬಂದು ಏನಾಯ್ತೇ ಅಂದಳು. ಅವಳು ಬಾಟಲಿಗಳಿಗೆ ಮುಚ್ಚಳ ಒತ್ತುವವಳು, ನನಗಿಂತ ಹಳಬಳು, ಹೆಸರು ಹಿಡಿದು ಕರೆದರೆ ಅವಳೇ ತಿರುಗುವುದಿಲ್ಲ. ಏನಿಲ್ಲಕ್ಕ, ಇಲಿ ಅಂದೆ. ಅಮ್ಮಾವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಮೂಗಿಲ್ಲದೆ ಬರೀ ನೆನಪಿನಿಂದ ಸೆಂಟು ಮಾಡುವವರು ಇನ್ನೊಬ್ಬರು ಇದ್ದಾರೆಯೆ!

ಮಾರ್ಚ್ 29, ಶನಿವಾರ

ದೊಡ್ಡ ಬ್ಯಾಚು ಬೆರೆಸಿದ್ದು ಇವತ್ತು. ಅಮ್ಮಾವರ ಪುಸ್ತಕದಲ್ಲಿ ಕಪ್ಪು ರಾಳದ ಎದುರಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಬರೆದಿದೆ: ನೂರಕ್ಕೆ ಅರ್ಧ, ಅದರ ಮೇಲೆ ಬೇಡ, ಚರ್ಮ ಸುಡುತ್ತದೆ. ಅಷ್ಟೇ ಹಾಕಿ ಮೂಸಿದೆ. ತೆಳುವಾಗಿತ್ತು. ಎಷ್ಟು ಹೊತ್ತು ಮೂಸಿದರೂ ಮುಂದಿನ ಬಾಗಿಲು ತೆರೆದು ಹಿಂದಿನ ಬಾಗಿಲಿನಿಂದ ಹೊರಗೆ ಹೋದ ಹಾಗೆ, ನಡುವೆ ಮನೆಯೇ ಇಲ್ಲ.

ಅವರನ್ನು ಕೇಳಿದರೆ ಬೇಡ ಅನ್ನುತ್ತಾರೆ. ಮೂಸಿ ನೋಡಿ ಬೇಡ ಅಂದರೆ ಒಪ್ಪಬಹುದಿತ್ತು.

ರಾಳ ಒಂದು ಚೂರು ಹೆಚ್ಚಿಗೆ ಹಾಕಿದೆ. ಆಹಾ, ಬಂತು. ಇನ್ನೊಂದು ಚೂರು.

"ಎಲ್ಲ ಹೇಳಿದ ಹಾಗೇ ತಾನೆ?" ಅಂದರು.

"ಹೇಳಿದ ಹಾಗೇ."

ಅವರ ಮೂಗೇ ಇವತ್ತು ಇದ್ದಿದ್ದರೆ ಅವರೂ ಇದನ್ನೇ ಮಾಡುತ್ತಿದ್ದರು. ಹಾಗೆ ನೋಡಿದರೆ ಇದು ಸುಳ್ಳಲ್ಲ.

ಏಪ್ರಿಲ್ 9, ಬುಧವಾರ

ಬಿಲ್ಲೆ ಸಾಹೇಬರು ಬಂದಿದ್ದರು. ನಮ್ಮ ಸೆಂಟುಗಳನ್ನು ಊರೂರಿನ ಅಂಗಡಿಗಳಿಗೆ ಹಾಕುವ ವಿತರಕರು. ಮಾತಿಗೊಂದು ಪುದೀನಾ ಬಿಲ್ಲೆ ಬಾಯಿಗೆ ಹಾಕಿಕೊಳ್ಳುವುದರಿಂದ ನಾವು ಇಟ್ಟ ಹೆಸರು. ಪಟ್ಟಿ ಮೂಗಿಗೆ ಹಿಡಿದವರು ಬಾಯಲ್ಲಿದ್ದ ಬಿಲ್ಲೆಯನ್ನು ತೆಗೆದು ಕಾಗದದಲ್ಲಿ ಸುತ್ತಿಟ್ಟರು. ಹಾಗೆ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಇದೇನಮ್ಮಾ, ಈ ಸಲ ಹದಿನೇಳು ಗರ್ಜಿಸ್ತಾ ಇದೆ! ಮೊದಲೆಲ್ಲ ಗುಂಪಲ್ಲಿ ನಿಂತ್ರೆ ಇದು ಇದ್ದದ್ದೇ ಗೊತ್ತಾಗ್ತಿರಲಿಲ್ಲ. ಇದು ಹೋಗುತ್ತೆ. ಮೂರು ಪಟ್ಟು ಕಳಿಸಿ."

ಅಮ್ಮಾವರು ನಗುತ್ತಿದ್ದರು, ಹುಬ್ಬು ಮಾತ್ರ ಕೂಡಿತ್ತು. "ಗರ್ಜಿಸೋದು ಅದರ ಸ್ವಭಾವ ಅಲ್ಲವಲ್ಲ," ಅಂದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಬಾಟಲಿ ಒರೆಸುತ್ತಿದ್ದೆ.

ಕಳಿಸಿಕೊಡಲು ಮೆಟ್ಟಿಲ ತನಕ ಹೋದಾಗ ಬಿಲ್ಲೆ ಸಾಹೇಬರು ತಗ್ಗಿದ ದನಿಯಲ್ಲಿ, "ಇದು ನಿಮ್ಮ ಕೈ ಅಲ್ವಾ?" ಅಂದರು.

"ಛೆ, ಇಲ್ಲಪ್ಪ. ಎಲ್ಲ ಅಮ್ಮಾವ್ರದ್ದೇ."

ಹಾಗಂದೆ. ಆದರೆ ಬೀದಿಯ ತನಕ ಜೊತೆಗೆ ಇಳಿದು ಹೋದೆ.

ಏಪ್ರಿಲ್ 10, ಗುರುವಾರ

ಗರ್ಜಿಸ್ತಾ ಇದೆ. ಬಸ್ಸಿನಲ್ಲಿ ಎರಡು ಸಲ ಬಾಯಲ್ಲೇ ಅಂದುಕೊಂಡೆ.

ಏಪ್ರಿಲ್ 22, ಮಂಗಳವಾರ

ಹೊಸ ಬ್ಯಾಚಿಗೆ ಮತ್ತೆ ಸ್ವಲ್ಪ ಏರಿಸಬೇಕಾಯಿತು. ರಾಳ ಸತ್ತುಹೋಗಿದೆಯೋ ಏನೋ, ಮೊದಲಿನಷ್ಟು ಹಾಕಿದರೆ ಏನೂ ಇಲ್ಲದ ಹಾಗೆ ಅನ್ನಿಸುತ್ತದೆ.

ಮನೆಯಲ್ಲಿ ಇವರದ್ದೊಂದು ತಕರಾರು. "ಬಾಗಿಲು ತೆಗೆದ್ರೆ ಬಡಗಿ ಅಂಗಡಿಗೆ ಬಂದೆನೇನೋ ಅನ್ಸುತ್ತೆ ಕಣೇ. ಅಳತೆ ಕೊಡಲಾ, ಒಂದು ಮಂಚ ಮಾಡಿಕೊಡ್ತೀಯಾ?" ಮೊದಲಾದರೆ ನಾನೂ ನಗುತ್ತಿದ್ದೆ. ಮೂಗು ಅಂದರೆ ಕನ್ನಡಕ ಇಡುವ ಜಾಗ ಎಂದು ತಿಳಿದವರ ಜೊತೆ ಏನು ಮಾತು. ಹಾಗೇ ಅಂದುಬಿಟ್ಟೆ. ತಲೆನೋವು ಎಂದು ಚಾಪೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋಗಿದ್ದಾರೆ.

ಒಳ್ಳೆಯದೇ ಆಯಿತು. ಒಬ್ಬಳೇ ಇದ್ದರೆ ಮಣಿಕಟ್ಟಿನ ಮೇಲೆ ಅದು ಹೇಗೆ ಇಳಿಯುತ್ತದೆಂದು ಸರಿಯಾಗಿ ಗಮನಿಸಬಹುದು.

ಮೇ 5, ಸೋಮವಾರ

ಮುಚ್ಚಳದಕ್ಕ ಕೈ ತೋರಿಸಿದಳು. ಬೆರಳ ಸಂದಿಯಿಂದ ಮಣಿಕಟ್ಟಿನ ತನಕ ಕೆಂಪು, ಅಲ್ಲಲ್ಲಿ ನೀರುಗುಳ್ಳೆ. "ರಾತ್ರಿಯೆಲ್ಲ ಉರಿ ಕಣೇ. ಬಕೆಟ್ ನೀರಲ್ಲಿ ಕೈ ಇಟ್ಕೊಂಡೇ ಕೂತಿದ್ದೆ. ಇಷ್ಟು ವರ್ಷದಲ್ಲಿ ಹಿಂಗೆ ಆಗಿರಲಿಲ್ಲ. ಹದಿನೇಳರಲ್ಲಿ ಏನಾದ್ರೂ ಬೇರೆ ಹಾಕಿದ್ದೀರಾ?"

"ಏನೂ ಇಲ್ಲಕ್ಕ. ಸೋಪು ಬದಲಾಯಿಸಿರ್ತೀಯ."

"ಸೋಪು ಅದೇ."

"ಹಾಗಾದ್ರೆ ಸೆಕೆಗೆ." ರಬ್ಬರ್ ಕೈಗವಸು ತಂದುಕೊಟ್ಟೆ. ಮುಲಾಮು ಕೊಟ್ಟೆ. "ಅಮ್ಮಾವ್ರಿಗೆ ಮಾತ್ರ ಹೇಳ್ಬೇಡ. ವಯಸ್ಸಾದವರು, ಸುಮ್ಮನೆ ಮನಸ್ಸಿಗೆ ಹಚ್ಕೋತಾರೆ."

ಅವಳು ನನ್ನನ್ನೇ ನೋಡಿದಳು. "ನೀನು ಎಷ್ಟು ಚೆನ್ನಾಗಿ ಮಾತಾಡೋದು ಕಲಿತುಬಿಟ್ಟೆ," ಅಂದಳು. ಹೊಗಳಿದಳೋ ಏನೋ ತಿಳಿಯಲಿಲ್ಲ.

ಮೇ 12, ಸೋಮವಾರ

ಅಂಚೆಯಲ್ಲಿ ಐದು ಕಾಗದ. ನಾಲ್ಕು ಒಳ್ಳೆಯವು. ಒಬ್ಬಾಕೆ ಬರೆದಿದ್ದಾಳೆ, ಗಂಡ ತೀರಿಕೊಂಡ ಮೇಲೆ ಅವನ ಅಂಗಿಗೆ ಹದಿನೇಳು ಹಚ್ಚಿ ಮಡಿಸಿಟ್ಟಿದ್ದಾಳಂತೆ. ಹಳೆಯ ಬಾಟಲಿ ಮುಗಿಯಿತು, ಹೊಸದರಲ್ಲಿ ಅವನು ಸಿಗುತ್ತಿಲ್ಲ, ಯಾರೋ ಬೇರೆ ಗಂಡಸು ಕೋಣೆಗೆ ಬಂದ ಹಾಗಿದೆ ಎಂದು. ಇದನ್ನೂ ಒಳ್ಳೆಯದರಲ್ಲೇ ಸೇರಿಸಿದೆ. ಕೊನೆಯ ವಾಕ್ಯ ಬಿಟ್ಟು ಅಮ್ಮಾವರಿಗೆ ಓದಿ ಹೇಳಿದೆ. ಅವರಿಗೆ ಕಣ್ಣು ತುಂಬಿ ಬಂತು.

ಐದನೆಯದು ಒಬ್ಬ ಶಾಲಾ ಶಿಕ್ಷಕಿಯದು. ಕತ್ತಿನ ಎರಡೂ ಬದಿ ಬೆಂದುಹೋಗಿದೆಯಂತೆ, ಡಾಕ್ಟರ ಚೀಟಿ ಇಟ್ಟಿದ್ದಾಳೆ. ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ. ಒಬ್ಬೊಬ್ಬರ ಮೈ ಒಂದೊಂದು ಥರ. ಹಾಲು ಕುಡಿದರೂ ಗುಳ್ಳೆ ಏಳುವವರಿಲ್ಲವೆ?

ಮೇ 13, ಮಂಗಳವಾರ

ಇನ್ನೂ ಎರಡು. ಡ್ರಾಯರಿಗೆ ಬೀಗ ಹಾಕಿದೆ.

ಮೇ 19, ಸೋಮವಾರ

ನಾನು ಬರುವ ಮೊದಲೇ ಅಮ್ಮಾವರು ಬಂದಿದ್ದರು. ಕಪ್ಪು ರಾಳದ ಡಬ್ಬವನ್ನು ಎರಡು ಕೈಯಲ್ಲಿ ಮಗುವನ್ನು ಹಿಡಿದ ಹಾಗೆ ಹಿಡಿದು ನಿಂತಿದ್ದರು.

"ಡಬ್ಬ ಹಗುರ ಆಗಿದೆ."

"ತಳ ಸೋರಿರಬೇಕು ಅಮ್ಮಾವ್ರೇ. ಮೊನ್ನೆ ಒರೆಸಿದ್ದೆ."

ಅವರು ಡಬ್ಬವನ್ನು ತಿರುಗಿಸಿ ತಳ ನೋಡಿದರು. ಹೆಬ್ಬೆರಳಿನಿಂದ ಸುತ್ತಲೂ ಸವರಿದರು. ತಳ ಒಣಗಿತ್ತು. ಮತ್ತೆ ಕಪಾಟಿನಲ್ಲಿಟ್ಟು, "ಮುಂದಿನ ಬ್ಯಾಚಿಗೆ ತೂಕ ನಾನೇ ಹಾಕ್ತೀನಿ," ಅಂದರು. "ಮೂಗಿಲ್ಲದಿದ್ರೂ ಕಣ್ಣಿದೆ."

ಹನ್ನೊಂದು ವರ್ಷ ದುಡಿದದ್ದಕ್ಕೆ ಇದು ಪ್ರತಿಫಲ. ನಾನಿಲ್ಲದಿದ್ದರೆ ಮಾರ್ಚ್ ತಿಂಗಳಲ್ಲೇ ಈ ಬಾಗಿಲಿಗೆ ಬೀಗ ಬೀಳುತ್ತಿತ್ತು. ತೂಕ ಹಾಕುತ್ತಾರಂತೆ!

ಮೇ 20, ಮಂಗಳವಾರ

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಿಲ್ಲೆ ಸಾಹೇಬರು ನಾನೂರು ಬಾಟಲಿಗೆ ಒಪ್ಪಂದ ಮಾಡಿಕೊಳ್ಳಲು ಬಂದಿದ್ದರು. ಬಾಟಲಿಗಳು ತುಂಬಿ ತಯಾರಿದ್ದವು. ಅಮ್ಮಾವರು ಅವರಿಗೆ ಹದಿನೇಳರ ಕಥೆ ಹೇಳುತ್ತಿದ್ದರು. ನನಗೆ ಪಟ್ಟಿ ತರಲು ಹೇಳಿದರು. ಕಿಟಕಿಯ ಮೇಲೆ ಎರಡು ಬಟ್ಟಲಿದ್ದವು, ಒಂದರಲ್ಲಿ ಹದಿನೇಳು, ಇನ್ನೊಂದರಲ್ಲಿ ಹಳೇ ಲೇಬಲ್ಲಿನ ಅಂಟು ತೆಗೆಯುವ ಸೀಮೆಎಣ್ಣೆ. ಎರಡು ಪಟ್ಟಿ ಅದ್ದಿದೆ. ಒಂದನ್ನು ಸಾಹೇಬರಿಗೆ ಕೊಟ್ಟೆ, ಒಂದನ್ನು ಅಮ್ಮಾವರಿಗೆ.

ಅಮ್ಮಾವರು ಕಣ್ಣು ಮುಚ್ಚಿದರು. "ನೋಡಿ, ಈಗ ಮರ ಮೆಲ್ಲಗೆ ಬಾಗಿಲು ತೆಗೀತಾ ಇದೆ," ಅಂದರು. "ಇನ್ನು ಸ್ವಲ್ಪ ಹೊತ್ತಿಗೆ ರಾಳ ಬರುತ್ತೆ, ಬೆಚ್ಚಗೆ."

ಸೀಮೆಎಣ್ಣೆಯ ವಾಸನೆ ಕೋಣೆಯ ತುಂಬ ಇತ್ತು. ಬಿಲ್ಲೆ ಸಾಹೇಬರು ಅವರ ಕೈಯಲ್ಲಿದ್ದ ಪಟ್ಟಿ ನೋಡಿದರು, ಆಮೇಲೆ ಅವರ ಮುಖ, ಆಮೇಲೆ ನನ್ನನ್ನು. ನಾನು ಕಣ್ಣು ತಗ್ಗಿಸಿದೆ. ಅಷ್ಟು ಸಾಕಾಯಿತು.

ಅಮ್ಮಾವರು ಕಣ್ಣು ಬಿಟ್ಟಾಗ ಬಿಲ್ಲೆ ಸಾಹೇಬರು ಇನ್ನೂ ನನ್ನನ್ನೇ ನೋಡುತ್ತಿದ್ದರು. ಅವರು ಪಟ್ಟಿಯನ್ನು ಬೆರಳಲ್ಲಿ ಉಜ್ಜಿದರು. ಹದಿನೇಳಾದರೆ ಅಂಟುತ್ತದೆ, ಇದು ಜಾರಿತು. ಮೆಲ್ಲಗೆ ಪಟ್ಟಿಯನ್ನು ಮೇಜಿನ ಮೇಲಿಟ್ಟು, "ಸಾಹೇಬ್ರಿಗೆ ಚಹಾ ತಗೊಂಡು ಬಾಮ್ಮ," ಅಂದರು.

ಕೈ ತಪ್ಪಿ ಆದದ್ದು. ಬಟ್ಟಲುಗಳು ಒಂದೇ ಥರ ಇವೆ. ಎಂದಾದರೊಂದು ದಿನ ಇದು ಹೊರಗೆ ಬರಲೇಬೇಕಿತ್ತು, ಮತ್ತು ನಾನು ಬಾಯಿಬಿಟ್ಟು ಯಾರಿಗೂ ಒಂದು ಮಾತು ಹೇಳಿಲ್ಲ. ಕೊಟ್ಟ ಮಾತು ಕೊಟ್ಟ ಹಾಗೇ ಇದೆ.

ಮೇ 28, ಬುಧವಾರ

ಮುಚ್ಚಳದಕ್ಕ ಬರುತ್ತಿಲ್ಲ. ಇವತ್ತಿಗೆ ನಾಲ್ಕನೆಯ ದಿನ. ಕೈ ಮಡಿಸಲು ಆಗುತ್ತಿಲ್ಲ ಎಂದು ಪಕ್ಕದ ಮನೆಯವರ ಕೈಲಿ ಹೇಳಿಕಳಿಸಿದ್ದಾಳೆ. ಉಳಿದ ಮುಚ್ಚಳ ನಾನೇ ಒತ್ತುತ್ತಿದ್ದೇನೆ. ಇಷ್ಟು ಸುಲಭದ ಕೆಲಸಕ್ಕೆ ಒಬ್ಬ ಆಳು ಬೇಕಿತ್ತೆ?

ಅಮ್ಮಾವರು ಬರುತ್ತಾರೆ, ಕಿಟಕಿಯ ಹತ್ತಿರ ಕೂರುತ್ತಾರೆ, ಹೋಗುತ್ತಾರೆ. ಇಷ್ಟು ಸೆಕೆಯಲ್ಲೂ ಕತ್ತಿಗೆ ಮಫ್ಲರು. ವಯಸ್ಸು.

ಜೂನ್ 3, ಮಂಗಳವಾರ

ಮಧ್ಯಾಹ್ನ ಅವರು ಬಾಗಿಲು ಹಾಕಿ ಬಂದು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡರು. ಮಫ್ಲರು ಬಿಚ್ಚಿದರು.

ಕಿವಿಯ ಕೆಳಗಿನಿಂದ ಹೆಗಲಿನ ತನಕ ಚರ್ಮ ಇರಲಿಲ್ಲ ಅಂದರೂ ಸರಿ. ಕೆಂಪಗೆ, ಒದ್ದೆಯಾಗಿ, ಅಂಚಿನಲ್ಲಿ ಹಳದಿ ಕಟ್ಟಿ.

"ಡಬ್ಬ ಎತ್ತಿದ ದಿನದಿಂದ ಈ ಹದಿನೇಳನ್ನ ಹಚ್ಕೋತಾ ಇದ್ದೀನಿ," ಅಂದರು. "ದಿನಾ ಬೆಳಿಗ್ಗೆ. ಮೂಗು ಹೋಯ್ತು, ನಾಲಿಗೆ ಅರ್ಧ ಹೋಯ್ತು. ಚರ್ಮ ಇನ್ನೂ ಹೇಳುತ್ತಲ್ಲ, ಅದನ್ನ ಕೇಳೋಣ ಅಂತ. ಮೂರನೇ ದಿನಕ್ಕೇ ಹೇಳಿತು."

"ಮತ್ತೆ ಯಾಕೆ ಬಿಡಲಿಲ್ಲ?"

"ನೀನು ಹೇಳ್ತೀಯೇನೋ ಅಂತ ಕಾದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ. ಎದುರಿಗೇ ಕೂತಿದ್ದೆ, ಮಫ್ಲರು ಯಾಕೆ ಅಂತ ಕೂಡ ನೀನು ಕೇಳಲಿಲ್ಲ."

ನಾನೇನು ಹೇಳಬೇಕಿತ್ತು? ಸೆಕೆಯಲ್ಲಿ ಮಫ್ಲರು ಹಾಕುವವರನ್ನೆಲ್ಲ ಕಾರಣ ಕೇಳುತ್ತ ಕೂರಲಾಗುತ್ತದೆಯೆ?

"ನಾನೂರು ಬಾಟಲಿ ಚೆಲ್ಲಿಬಿಡೋಣ," ಅಂದರು. "ನೀನೂ ನಾನೂ ಸೇರಿ. ಯಾರಿಗೂ ಯಾಕೆ ಅಂತ ಹೇಳೋದು ಬೇಡ. ಹದಿನೆಂಟು ಅಂತ ಮತ್ತೆ ಶುರು ಮಾಡೋಣ. ನೀನು ಹೇಳು, ನಾನು ಬೆರೆಸ್ತೀನಿ."

ಒಂದು ಕ್ಷಣ, ಸತ್ಯವಾಗಿ ಬರೆಯುತ್ತೇನೆ, ಹೂಂ ಅನ್ನಬೇಕು ಅನ್ನಿಸಿತು. ಅವರ ಕೈ ನನ್ನ ಮೊಣಕಾಲಿನ ಮೇಲಿತ್ತು. ಆದರೆ ಗೋಡೆಗೆ ಒರಗಿಸಿಟ್ಟ ಪೆಟ್ಟಿಗೆಗಳ ಕಡೆ ಕಣ್ಣು ಹೋಯಿತು. ಅದು ಹದಿನೇಳಲ್ಲ. ಅವರದ್ದಲ್ಲ. ಜನ ಬಾಗಿಲಿಗೆ ಹೋಗಿ ತಿರುಗಿ ಬರುವ ತನಕ ಕಾಯುವ ಸೆಂಟಲ್ಲ ಅದು, ಕೈಹಿಡಿದು ನಿಲ್ಲಿಸುವಂಥದ್ದು. ನಾನು ಮಾಡಿದ್ದು.

"ಆಗಲ್ಲ ಅಮ್ಮಾವ್ರೇ."

"ಜನರ ಮೈ ಸುಡುತ್ತೆ ಕಣೆ."

"ಎಲ್ಲರದ್ದೂ ಸುಡಲ್ಲ."

ಅವರು ನನ್ನ ಮೊಣಕಾಲಿನಿಂದ ಕೈ ತೆಗೆದರು. "ಹಾಗಾದ್ರೆ ನಾನೇ ಅಂಗಡಿಯವರಿಗೆಲ್ಲ ಹೇಳಬೇಕಾಗುತ್ತೆ."

"ಹೇಳಿ," ಅಂದೆ. "ನಿಮ್ಮನ್ನ ಯಾರು ನಂಬ್ತಾರೆ? ಸೀಮೆಎಣ್ಣೆ ಮೂಸಿ ಮರ ಬಾಗಿಲು ತೆಗೀತಿದೆ ಅಂದೋರನ್ನ."

ಮಫ್ಲರು ಸುತ್ತಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು, ನೋವಿತ್ತೋ ಏನೋ. ಮೆಟ್ಟಿಲು ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಇಡುವುದು ಕೇಳಿಸುತ್ತಿತ್ತು. ಅದೂ ಮುದ್ರಣಾಲಯದ ಸದ್ದಿನಲ್ಲಿ ಮುಚ್ಚಿಹೋಯಿತು.

ಜೂನ್ 4, ಬುಧವಾರ

ಬಿಲ್ಲೆ ಸಾಹೇಬರಿಗೆ ಫೋನ್ ಮಾಡಿದೆ. ಅಮ್ಮಾವರು ಏನಾದರೂ ಬರೆದರೆ, ಪಾಪ, ತಲೆ ಸ್ವಲ್ಪ ಸರಿಯಿಲ್ಲ ಎಂದು ಅಂಗಡಿಯವರಿಗೆ ಹೇಳಿ ಸಾಹೇಬರೇ ನೋಡಿಕೊಳ್ಳುತ್ತಾರಂತೆ. ಹೊಸ ಲೇಬಲ್ ಅಚ್ಚಾಗುತ್ತಿದೆ. ನನ್ನ ಹೆಸರು. ಸೋಮವಾರ ಹತ್ತಕ್ಕೆ ಲಾರಿ.

ಇವರು ತಮ್ಮ ಅಕ್ಕನ ಮನೆಗೆ ಹೋಗಿದ್ದಾರೆ. "ಕೆಮ್ಮು ಬಿಡ್ತಾ ಇಲ್ಲ, ನಾಲ್ಕು ದಿನ ಇದ್ದು ಬರ್ತೀನಿ" ಅಂದರು. ಹೋಗುವಾಗ ತಮಾಷೆ ಏನೂ ಮಾಡಲಿಲ್ಲ. ಬಟ್ಟೆಯ ಪೆಟ್ಟಿಗೆ ದೊಡ್ಡದೇ ಒಯ್ದರು.

ಜೂನ್ 8, ಭಾನುವಾರ

ಅಮ್ಮಾವರ ಮನೆಗೆ ಹೋಗಿದ್ದೆ. ಪುಸ್ತಕ ಬೇಕಿತ್ತು, ಉಳಿದ ಎಂಟು ಸೆಂಟಿನ ಅಳತೆ ಅದರಲ್ಲಿದೆ. ಹಣ್ಣು ತೆಗೆದುಕೊಂಡು ಹೋದೆ, ಬರಿಗೈಯಲ್ಲಿ ಹೋಗಬಾರದೆಂದು.

ಬಾಗಿಲು ತೆಗೆದವರು ಬಾ ಅಂದರು, ಎಂದಿನಂತೆ. ಕತ್ತಿಗೆ ಬಿಳಿ ಪಟ್ಟಿ ಸುತ್ತಿತ್ತು. ಊಟ ಆಯ್ತಾ ಎಂದು ಕೇಳಿದರು. ಒಂಟಿ ಕೋಣೆ, ಒಂದು ಮಂಚ, ಕಿಟಕಿಯಲ್ಲಿ ಖಾಲಿ ಬಾಟಲಿಗಳ ಸಾಲು. ಮೇಜಿನ ಮೇಲೆ ಇಪ್ಪತ್ತರ ಮೇಲೆ ಲಕೋಟೆಗಳಿದ್ದವು, ಒಂದೊಂದು ಅಂಗಡಿಯ ವಿಳಾಸ ಬರೆದು. ನಾನು ನೋಡಿದ್ದನ್ನು ನೋಡಿ ಅವರೇ ಒಂದು ಕಾಗದ ನನ್ನ ಕೈಗೆ ಕೊಟ್ಟರು.

ಒಂದು ವರ್ಷದಿಂದ ನನಗೆ ವಾಸನೆ ತಿಳಿಯುವುದಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಟ್ಟೆ, ಅದರಿಂದ ಹದಿನೇಳರಲ್ಲಿ ರಾಳ ಹೆಚ್ಚಾಗಿ ಜನರಿಗೆ ಗಾಯವಾಗಿದೆ, ತಪ್ಪು ನನ್ನದು, ದಯವಿಟ್ಟು ಮಾರಬೇಡಿ ಎಂದಿತ್ತು. ಎರಡು ಸಲ ಓದಿದೆ. ನನ್ನ ಸುದ್ದಿ ಎಲ್ಲೂ ಇರಲಿಲ್ಲ.

"ನನ್ನ ಒಬ್ಬಳ ಮಾತು ನಂಬಲ್ಲ ಅಂದ್ಯಲ್ಲ," ಅಂದರು. "ನಿಜವೇ. ಕೆಳಗೆ ನಿನ್ನದೂ ಒಂದು ರುಜು ಇದ್ರೆ ನಂಬ್ತಾರೆ. ಏನೂ ಒಪ್ಪಿಕೊಳ್ಳೋದು ಬೇಡ. ನಾನು ಬರೆದದ್ದು ನಿಜ ಅಂತ ಅಷ್ಟೆ."

ಪೆನ್ನು ಕಾಗದದ ಪಕ್ಕದಲ್ಲೇ ಇತ್ತು. ಇವರು ಮನೆಯಲ್ಲಿಲ್ಲ, ನನಗೆ ತಡವಾಯಿತು, ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಅವರು ಒತ್ತಾಯ ಮಾಡಲಿಲ್ಲ. ಪುಸ್ತಕವನ್ನು ಅವರೇ ತೆಗೆದುಕೊಟ್ಟರು, ಕೇಳುವುದಕ್ಕೂ ಮೊದಲು. "ಇಟ್ಕೋ. ಕೆಂಪು ಪೆನ್ಸಿಲಿಂದು ಮಾತ್ರ ಓದು."

ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಕೇಳಿದರು, "ಮುಚ್ಚಳದವಳ ಕೈ ಹೇಗಿದೆ?"

"ವಾಸಿಯಾಗಿದೆ ಅಮ್ಮಾವ್ರೇ. ಮೊನ್ನೆ ಹೋಗಿ ನೋಡ್ಕೊಂಡು ಬಂದೆ. ಈಗ ಆರಾಮಾಗಿ ಕೆಲಸ ಮಾಡ್ತಾಳೆ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಾನು ನಿನ್ನೆ ಆಸ್ಪತ್ರೆಗೆ ಹೋಗಿದ್ದೆ," ಅಂದರು. "ಎರಡು ಬೆರಳು ತೆಗೆದಿದ್ದಾರೆ. ಕೀವಾಗಿ ಮೂಳೆಗೆ ಇಳಿದಿತ್ತಂತೆ. ನೀನು ಬಂದೇ ಇಲ್ಲ ಅಂದಳು."

ಅಷ್ಟೇ ಅಂದದ್ದು. ಬೈಯಲಿಲ್ಲ. ಬಾಗಿಲನ್ನೂ ಹಾಕಿಕೊಳ್ಳಲಿಲ್ಲ, ನಾನು ಬೀದಿಯ ತಿರುವು ದಾಟುವ ತನಕ ಅಲ್ಲೇ ನಿಂತಿದ್ದರು.

ಈಗ ಮನೆಯಲ್ಲಿ ಒಬ್ಬಳೇ ಕೂತು ಪುಸ್ತಕ ಬಿಚ್ಚಿದ್ದೇನೆ, ಒಂದಕ್ಷರ ತಲೆಗೆ ಹತ್ತುತ್ತಿಲ್ಲ. ನಾಳೆ ಹತ್ತಕ್ಕೆ ಲಾರಿ, ಒಂಬತ್ತಕ್ಕೇ ಹೋಗಿ ಲೇಬಲ್ ಅಂಟಿಸಬೇಕು, ನಾನೂರು. ಅವರು ಮಾಡಿದ್ದು ಮಾತ್ರ ಸರಿಯಲ್ಲ. ಮುದುಕರೆಂದು ಗೌರವ ಕೊಟ್ಟು ಹಣ್ಣು ಹಿಡಿದುಕೊಂಡು ಮನೆ ಬಾಗಿಲಿಗೆ ಹೋದವಳನ್ನು ಹೀಗೆ ಸಿಕ್ಕಿಸುವುದೆ? ಆಸ್ಪತ್ರೆಗೆ ಹೋಗಿ ಬಂದದ್ದನ್ನು ಮೊದಲೇ ಹೇಳಿದ್ದರೆ, ನಾನು ಸುಳ್ಳು ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.